ಬೆನ್ನಿಗೆ ಮಣ್ಣು ಹಚ್ಚುವ ಕೈ

ಹತ್ತಿರ ಬನ್ನಿ, ಇನ್ನೂ ಹತ್ತಿರ. ದೂರ ಕೂತವರಿಗೆ ನಾನು ಈ ಕಥೆ ಹೇಳುವುದಿಲ್ಲ. ಯಾಕೆ ಅಂತ ಈಗಲೇ ಕೇಳಬೇಡಿ, ಕೊನೆಗೆ ನಿಮಗೇ ತಿಳಿಯುತ್ತದೆ.

ಕೆಂಪು ನೀರಿನ ಹೊಳೆಯೊಂದರ ಆಚೆ ದಡದಲ್ಲಿ ಒಂದು ರಾಜ್ಯವಿತ್ತು. ಆ ರಾಜ್ಯಕ್ಕೊಬ್ಬ ರಾಜ. ಅವನಿಗೆ ಬೇಟೆಯ ಹುಚ್ಚಿರಲಿಲ್ಲ, ಒಡವೆಯ ಹುಚ್ಚಿರಲಿಲ್ಲ, ಯುದ್ಧದ ಹುಚ್ಚಂತೂ ಇರಲೇ ಇಲ್ಲ. ಇದ್ದದ್ದು ಒಂದೇ ಹುಚ್ಚು, ಗರಡಿಮನೆಯದು. ಊರ ಹೊರಗೆ ಅವನ ತಾತ ಕಟ್ಟಿಸಿದ ಗರಡಿ. ಅರ್ಧ ನೆಲದ ಒಳಗೆ, ಅರ್ಧ ನೆಲದ ಮೇಲೆ. ಬಾಗಿಲು ಬಲು ಗಿಡ್ಡ, ಎಂಥ ಪೈಲ್ವಾನನೂ ತಲೆ ಬಗ್ಗಿಸಿಯೇ ಒಳಗೆ ಹೋಗಬೇಕು. ಒಳಗೆ ನಡುವೆ ಸಾಮು ಮಾಡಲು ಕೆಮ್ಮಣ್ಣು ತುಂಬಿದ ಮಟ್ಟಿ. ಆ ಮಣ್ಣಿಗೆ ಮಜ್ಜಿಗೆ, ಎಣ್ಣೆ, ಅರಿಶಿನ, ಬೇವಿನ ಸೊಪ್ಪು ಬೆರೆಸಿ ಹದ ಮಾಡಿರುತ್ತಿದ್ದರು. ಗೋಡೆಗೆ ಒರಗಿಸಿದ ಲೋಡುಗಳು, ಉದ್ದ ಹಿಡಿಯ ಕಲ್ಲಿನ ಗದೆಗಳು, ಮೇಲೆ ಕೈಹಿಡಿ ಕೊರೆದ ಗುಂಡುಕಲ್ಲುಗಳು. ಲೋಡು ಅಂದರೆ ನಿಮ್ಮ ತಾತ ಊಟ ಆದಮೇಲೆ ಒರಗುವ ಲೋಡಲ್ಲ ಮತ್ತೆ. ಬೆನ್ನ ಹಿಂದೆ ತಿರುಗಿಸುವ ದಪ್ಪ ಮರದ ತುಂಡು ಅದು. ಹುಷಾರು ತಪ್ಪಿದರೆ ತಿರುಗಿಸುವವನ ತಲೆಯನ್ನೇ ಒಡೆಯುತ್ತದೆ.

ಆ ಗರಡಿಯಲ್ಲೇ ಬೆಳೆದವನು ದ್ಯಾವಣ್ಣ. ಅಪ್ಪ ಅಮ್ಮ ಯಾರು ಅಂತ ಅವನಿಗೆ ಗೊತ್ತಿಲ್ಲ. ಹಸುಗೂಸನ್ನು ಯಾರೋ ಆ ಗಿಡ್ಡ ಬಾಗಿಲಲ್ಲಿ ಮಲಗಿಸಿ ಹೋಗಿದ್ದರಂತೆ. ಸಾಮು ಕಲಿಸುವ ವಸ್ತಾದಿ ವೀರಮಲ್ಲಪ್ಪ ಅವನನ್ನು ಎತ್ತಿಕೊಂಡು ಒಳಗೆ ಮಲಗಿಸಿದ. ಅಂದಿನಿಂದ ಗರಡಿಯೇ ಅವನ ಮನೆ, ವಸ್ತಾದಿ ಹೇಳಿದ್ದೇ ಅವನಿಗೆ ವೇದವಾಕ್ಯ. ಮಟ್ಟಿ ಅಗೆ ಅಂದರೆ ಅಗೆಯುತ್ತಿದ್ದ, ಬಸ್ಕಿ ಹೊಡೆ ಅಂದರೆ ಸಾಕು ಅನ್ನುವ ತನಕ ಹೊಡೆಯುತ್ತಿದ್ದ. ಬೆಳೆದು ಆಳಾದ ಮೇಲೆ ಅವನು ಲೋಡು ತಿರುಗಿಸಿದರೆ ಬಾಗಿಲ ಬಳಿಯ ದೀಪ ಆರಿಹೋಗುತ್ತಿತ್ತು.

ಬಲದ ಜೊತೆಗೆ ಅವನಿಗೆ ಮೂರು ಸುಖಗಳಿದ್ದವು.

ಮೊದಲನೆಯದು ಗೆಳೆಯ ಕರಿಸಿದ್ದ. ಕುಂಬಾರರವನು. ಬೆಳಗಾದರೆ ಗರಡಿಗೆ ಬಂದು, ಸಾಮಿಗೆ ಮುಂಚೆ ಹಿಡಿ ಮಣ್ಣು ತೆಗೆದು ದ್ಯಾವಣ್ಣನ ಬೆನ್ನಿಗೆ ಹಚ್ಚುತ್ತಿದ್ದ. ದ್ಯಾವಣ್ಣ ಅವನ ಬೆನ್ನಿಗೆ ಹಚ್ಚುತ್ತಿದ್ದ. ಆಮೇಲೆ ಇಬ್ಬರೂ ಎದುರುಬದುರು ನಿಂತು ಗುಂಡು ಎಸೆದಾಡುತ್ತಿದ್ದರು. ಕಲ್ಲುಗುಂಡನ್ನು ಇವನು ತೂಗಿ ಎಸೆದರೆ, ಅವನು ಗಾಳಿಯಲ್ಲೇ ಅದರ ಹಿಡಿಗೆ ಕೈ ಹಾಕಿ, ಮತ್ತೆ ತೂಗಿ ಇವನ ಕಡೆ ಎಸೆಯುತ್ತಿದ್ದ. ಒಂದು ದಿನ ದ್ಯಾವಣ್ಣನ ಎಸೆತ ಹದ ತಪ್ಪಿ ಕರಿಸಿದ್ದನ ಕಿರುಬೆರಳು ಮುರಿಯಿತು. ಬೆರಳು ಸೊಟ್ಟಗೆ ಕೂಡಿಕೊಂಡಿತು. ನಿನ್ನಿಂದ ಹೀಗಾಯಿತು ಅಂತ ಅವನು ಒಂದು ದಿನವೂ ಆಡಿ ತೋರಿಸಲಿಲ್ಲ.

ಎರಡನೆಯದು ಹೊನ್ನಜ್ಜಿಯ ಮಜ್ಜಿಗೆ. ಮಟ್ಟಿಗೆ ಹಾಕಲು ಆಕೆ ಗಡಿಗೆ ತುಂಬ ಮಜ್ಜಿಗೆ ತರುತ್ತಿದ್ದಳು. ಬಾಗಿಲ ಹೊರಗೆ ಗಡಿಗೆ ಇಳಿಸಿ, ಮಣ್ಣಿಗಿಂತ ಮುಂಚೆ ಮಗು ಕುಡಿಯಲಿ ಅಂತ ಒಂದು ಚೊಂಬು ದ್ಯಾವಣ್ಣನಿಗೆ ಕೊಡುತ್ತಿದ್ದಳು. ಆನೆಯಂಥ ಆಳನ್ನು ಮಗು ಅನ್ನುವವಳು ಊರಲ್ಲಿ ಅವಳೊಬ್ಬಳೇ.

ಮೂರನೆಯದು ಬಾಗಿಲಲ್ಲಿ ಬಗ್ಗಿ ನೋಡುವ ಜನ. ನೀರಿಗೆ ಹೋಗುವ ಹೆಂಗಸರು, ಕುರಿ ಹೊಡೆದುಕೊಂಡು ಹೋಗುವವರು, ಸಂತೆಗೆ ಹೊರಟವರು ಅಷ್ಟು ಹೊತ್ತು ನಿಂತು, ಭಲೇ ದ್ಯಾವಣ್ಣ ಅಂದು ಮುಂದೆ ಹೋಗುತ್ತಿದ್ದರು. ದಿನಕ್ಕೊಮ್ಮೆಯಾದರೂ ತನ್ನ ಹೆಸರು ಇನ್ನೊಬ್ಬರ ಬಾಯಲ್ಲಿ ಕೇಳಿದರೆ ಅವನಿಗೆ ಹೊಟ್ಟೆ ತುಂಬುತ್ತಿತ್ತು.

ಹೀಗಿರುವಾಗ ರಾಜ ಒಂದು ಡಂಗುರ ಹೊಡೆಸಿದ. ವಸ್ತಾದಿಗೆ ವಯಸ್ಸಾಯಿತು, ಕೆಲವು ವರ್ಷ ಕಳೆದು ಬರುವ ದೊಡ್ಡ ಪಂದ್ಯದಲ್ಲಿ ಯಾರು ಗೆಲ್ಲುತ್ತಾರೋ ಅವರಿಗೆ ಪಟ್ಟದ ಗದೆ ಕೊಡುತ್ತೇನೆ, ಗರಡಿಯೂ ಅವರದೇ ಅಂದ. ಆ ಪಂದ್ಯಕ್ಕೆ ಹಳೆಯ ಕಟ್ಟಳೆಯೊಂದಿತ್ತು. ಕಣಕ್ಕೆ ಇಳಿಯುವವನ ಬೆನ್ನಿಗೆ ಇನ್ನೊಬ್ಬರು ಮಣ್ಣು ಹಚ್ಚಿರಬೇಕು. ಅಂದು ಒಬ್ಬರ ಕೈ ಒಂದೇ ಬೆನ್ನಿಗೆ. ಬೆನ್ನು ಬರಿದಾಗಿದ್ದವನು ಎಂಥ ಬಲಶಾಲಿಯಾದರೂ ಕಣದೊಳಗೆ ಕಾಲಿಡುವ ಹಾಗಿಲ್ಲ.

ವೀರಮಲ್ಲಪ್ಪನಿಗೆ ಅಕ್ಕನ ಮಗನೊಬ್ಬನಿದ್ದ, ಚೆಲುವ ಅಂತ. ಹೆಸರಿಗೆ ತಕ್ಕ ಹಾಗೆ ನೋಡಲು ಚೆನ್ನಾಗಿದ್ದ. ಮೈಗೆ ಎಣ್ಣೆ ಸವರಿಕೊಂಡು ನಿಂತರೆ ಫಳಫಳ ಹೊಳೆಯುತ್ತಿದ್ದ. ಗುಂಡು ಎತ್ತು ಅಂದರೆ ಮಾತ್ರ ಅವನಿಗೆ ಏನೋ ಕೆಲಸ ನೆನಪಾಗುತ್ತಿತ್ತು. ಗರಡಿ ಚೆಲುವನಿಗೆ ಸಿಗಬೇಕು ಅಂತ ವಸ್ತಾದಿಯ ಆಸೆ. ಬಲದಲ್ಲಿ ದ್ಯಾವಣ್ಣನನ್ನು ಸೋಲಿಸುವುದು ಆಗದ ಮಾತು ಅಂತ ಅವನಿಗೆ ಚೆನ್ನಾಗಿ ಗೊತ್ತಿತ್ತು. ಅದಕ್ಕೇ ಬಲದ ತಂಟೆಗೆ ಹೋಗದೆ ಬೆನ್ನಿನ ಕಡೆ ಕಣ್ಣು ಹಾಕಿದ.

ಮೊದಲ ವರ್ಷ ವಸ್ತಾದಿ ದ್ಯಾವಣ್ಣನನ್ನು ಹತ್ತಿರ ಕೂರಿಸಿಕೊಂಡು, ತಂದೆ ಮಗನಿಗೆ ಹೇಳುವ ಹಾಗೆ ಹೇಳಿದ.

"ಮಗಾ, ಇನ್ನೊಬ್ಬರ ಕೈ ಬೆನ್ನಿಗೆ ತಾಗಿದ್ರೆ ಬಲ ಇಳಿದು ಅವರ ಕೈಗೆ ಹೋಗ್ತದೆ. ಆ ಕುಂಬಾರ ದಿನಾ ಒಂದೊಂದು ಹಿಡಿ ಕದೀತಾ ಅವ್ನೆ. ಪಂದ್ಯದ ದಿನ ನಾನೇ ಹಚ್ತೀನಿ, ನನಗ್ಯಾಕೆ ನಿನ್ನ ಬಲ?"

ದ್ಯಾವಣ್ಣ ನಂಬಿದ. ಮಾರನೆಯ ಬೆಳಗ್ಗೆ ಕರಿಸಿದ್ದ ಮಣ್ಣು ಹಿಡಿದು ಬಂದಾಗ ಬೆನ್ನು ತಿರುಗಿಸಿ ಗೋಡೆಗೆ ಆನಿಸಿಕೊಂಡು ನಿಂತ. ಮುಟ್ಟಬೇಡ, ನನ್ನ ಬಲ ಇಳಿಯುತ್ತದೆ ಅಂದುಬಿಟ್ಟ. ಕರಿಸಿದ್ದ ಮೊದಲು ತಮಾಷೆ ಅಂದುಕೊಂಡು ನಕ್ಕ. ಆಮೇಲೆ ದ್ಯಾವಣ್ಣನ ಮುಖ ನೋಡಿದ. ಕೈಯಲ್ಲಿದ್ದ ಮಣ್ಣನ್ನು ಮಟ್ಟಿಗೇ ಹಾಕಿ, ತಲೆ ಬಗ್ಗಿಸಿ ಆ ಬಾಗಿಲು ದಾಟಿ ಹೋದ.

ಎರಡನೆಯ ವರ್ಷ ವಸ್ತಾದಿ ಮತ್ತೆ ಕರೆದು ಕೂರಿಸಿದ. ಕಂಡವರು ಕೊಟ್ಟದ್ದನ್ನು ಕುಡಿದರೆ ಬಲ ಕರಗುತ್ತದೆ, ಆ ಮುದುಕಿಯ ಚೊಂಬು ಮುಟ್ಟಬೇಡ ಅಂದ. ದ್ಯಾವಣ್ಣ ನಂಬಿದ. ಹೊನ್ನಜ್ಜಿ ಚಾಚಿದ ಚೊಂಬನ್ನು ಹಿಂದಕ್ಕೆ ತಳ್ಳಿದ. ಅವಳು ಗಡಿಗೆಯನ್ನು ಅಲ್ಲೇ ಬಿಟ್ಟು ಹೋದಳು. ಆಮೇಲೆ ಮಜ್ಜಿಗೆಯನ್ನು ಬೇರೆಯವರ ಕೈಯಲ್ಲಿ ಕಳಿಸತೊಡಗಿದಳು.

ಮೂರನೆಯ ವರ್ಷ ವಸ್ತಾದಿ ಮೂರನೆಯ ಮಾತು ಹೇಳಿದ. ಜನ ನೋಡಿದರೆ ದೃಷ್ಟಿ ತಾಗುತ್ತದೆ, ಬಾಗಿಲಿಗೆ ತಟ್ಟಿ ಕಟ್ಟು ಅಂದ. ದ್ಯಾವಣ್ಣ ಅದನ್ನೂ ನಂಬಿದ. ತೆಂಗಿನ ಗರಿಯ ತಟ್ಟಿ ಹೆಣೆದು ಬಾಗಿಲಿಗೆ ಕಟ್ಟಿದ. ಕೆಲವು ದಿನ ಹೊರಗೆ ಹೆಜ್ಜೆಸಪ್ಪಳ ಬಂದು ನಿಂತು, ಹೋಗುತ್ತಿತ್ತು. ಆಮೇಲೆ ಬರುವುದೇ ನಿಂತಿತು.

ಹೀಗೆ ಅವನು ಒಂಟಿಯಾದ. ಯಾರೂ ಅವನನ್ನು ಕಟ್ಟಿಹಾಕಲಿಲ್ಲ, ತನ್ನ ಕೈಯಾರೆ ತಟ್ಟಿ ಹೆಣೆದು ತಾನೇ ಒಳಗೆ ಉಳಿದ. ಅದನ್ನು ನೆನೆದರೆ ನನಗೆ ಈಗಲೂ ಸಿಟ್ಟು ಬರುತ್ತದೆ, ವಸ್ತಾದಿಯ ಮೇಲೆ ಮಾತ್ರ ಅಲ್ಲ, ಈ ದಡ್ಡನ ಮೇಲೂ.

ಒಂಟಿಯಾದವನು ಏನು ಮಾಡುತ್ತಾನೆ? ಕೈಯಲ್ಲಿದ್ದದ್ದರ ಜೊತೆ ಮಾತಿಗಿಳಿಯುತ್ತಾನೆ. ದ್ಯಾವಣ್ಣನ ಕೈಯಲ್ಲಿದ್ದದ್ದು ಲೋಡು, ಗದೆ, ಗುಂಡು. ವಸ್ತಾದಿ ಕಲಿಸಿದ ಸಾಮೆಲ್ಲ ಮುಗಿದು ಇನ್ನೂ ಹೊತ್ತು ಉಳಿಯುತ್ತಿತ್ತು. ಆಗ ತಾನೇ ಹೊಸ ಹೊಸ ಸುತ್ತು ಕಟ್ಟತೊಡಗಿದ. ಒಂದು ದಿನ ಹೊನ್ನಜ್ಜಿಯ ಮಜ್ಜಿಗೆ ತುಂಬ ನೆನಪಾಯಿತು. ಎರಡು ಲೋಡು ಹಿಡಿದು, ಒಂದು ಮುಂದೆ ಬಂದರೆ ಇನ್ನೊಂದು ಹಿಂದೆ ಹೋಗುವ ಹಾಗೆ ಸರಭರ ತಿರುಗಿಸಿದ. ಅದಕ್ಕೆ ಕಡೆಗೋಲು ಸುತ್ತು ಅಂತ ಹೆಸರಿಟ್ಟ. ಇನ್ನೊಂದು ದಿನ ಗದೆಯನ್ನು ತಲೆಯ ಸುತ್ತ ಒಂದೇ ಸಮ ನಿಧಾನವಾಗಿ ತಿರುಗಿಸಿದ. ಅದು ಬೀಸುಕಲ್ಲಿನ ಸುತ್ತು. ಮತ್ತೊಂದು ದಿನ ದೊಡ್ಡ ಗುಂಡಿನ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದು, ಕಾಲುಗಳ ನಡುವಿನಿಂದ ಎದೆಯ ತನಕ, ಎದೆಯಿಂದ ಮತ್ತೆ ಕೆಳಗೆ ಮೆಲ್ಲಗೆ ತೂಗಿದ. ಅದು ತೊಟ್ಟಿಲ ತೂಗು. ಚಿಕ್ಕವನಿದ್ದಾಗ ಊರ ಬೀದಿಯಲ್ಲಿ ನಡೆಯುತ್ತಾ ಕಂಡವರ ಮನೆ ಬಾಗಿಲಿನಿಂದ ಇಣುಕಿ ನೋಡಿದ್ದವು ಇವೆಲ್ಲ. ಅವನಿಗೆ ಕಡೆಯುವವರಿಲ್ಲ, ಬೀಸುವವರಿಲ್ಲ, ತೂಗಿದವರೂ ಇಲ್ಲ.

ಒಂದೇ ಒಂದು ಆಟ ಮಾತ್ರ ಕೂಡಿಬರಲಿಲ್ಲ. ಗುಂಡು ಎಸೆದಾಟ. ಎದುರಿಗೆ ಎಸೆದರೆ ಅದು ಹೋಗಿ ಧೊಪ್ಪನೆ ಮಣ್ಣಿಗೆ ಬೀಳುತ್ತಿತ್ತು. ತಾನೇ ಹೋಗಿ ಎತ್ತಿಕೊಂಡು ಬರಬೇಕು. ನೇರ ಮೇಲಕ್ಕೆ ಎಸೆದು ತಾನೇ ಹಿಡಿದು ನೋಡಿದ. ಆಟ ಅನ್ನಿಸಲಿಲ್ಲ. ಗುಂಡನ್ನು ಮೂಲೆಗಿಟ್ಟು ಅದರ ಮೇಲೆ ಒಂದು ಗೋಣಿಚೀಲ ಮುಚ್ಚಿದ.

ಒಂದು ಬೆಳಗ್ಗೆ ಬೀಸುಕಲ್ಲಿನ ಸುತ್ತು ಮುಗಿಸಿ, ಆಯಿತು, ಇನ್ನೊಂದು ಸುತ್ತು ಅಂತ ತನಗೆ ತಾನೇ ಹೇಳಿಕೊಂಡ.

"ಯಾರಿಗೆ ಹೇಳ್ತಿದ್ದೀಯ?" ಅಂತ ಕಾಲ ಬುಡದಿಂದ ಯಾರೋ ಕೇಳಿದರು.

ಬಗ್ಗಿ ನೋಡಿದರೆ ಅಂಗೈಯಗಲದ ಒಂದು ನೆಲಗಪ್ಪೆ. ಏನು ನಗುತ್ತೀರಿ? ನಿಮ್ಮೂರ ಕಪ್ಪೆಗಳು ಮಾತಾಡದಿದ್ದರೆ ಅದಕ್ಕೆ ನಾನು ಹೊಣೆಯಲ್ಲ. ಈ ಕಪ್ಪೆ ತಂಪಿಗೆ ಅಂತ ಮಟ್ಟಿಯ ಮಣ್ಣಿನೊಳಗೆ ಮನೆ ಮಾಡಿಕೊಂಡಿತ್ತು. ಗದೆ ತಿರುಗುವಾಗ ಇಷ್ಟು ಹತ್ತಿರ ಬರಲು ಹೆದರಿಕೆಯಿಲ್ಲವೇ ಅಂತ ದ್ಯಾವಣ್ಣ ಕೇಳಿದ. ಗದೆ ದೂರ ನಿಂತವರಿಗೆ ತಾಗುತ್ತದೆ, ಕಾಲ ಬುಡದಲ್ಲಿ ಕೂತವರಿಗೆ ತಾಗುವುದಿಲ್ಲ ಅಂತ ಕಪ್ಪೆ ಹೇಳಿತು. ಇನ್ನೊಬ್ಬರ ದನಿ ಕೇಳಿ ಎಷ್ಟು ದಿನವಾಗಿತ್ತೋ ಅವನಿಗೆ. ಕೂತುಬಿಟ್ಟ. ಕಪ್ಪೆಯ ಮುಂದೆ ಕೂತು, ಆ ದೊಡ್ಡ ದೇಹದ ಆಳು, ಬಿಕ್ಕಿಬಿಕ್ಕಿ ಅತ್ತ.

ಅಳು ನಿಂತ ಮೇಲೆ ಕಪ್ಪೆ ವಿಷಯಕ್ಕೆ ಬಂತು. ಹಿಂದಿನ ದಿನ ನಸುಕಿನಲ್ಲಿ ದ್ಯಾವಣ್ಣ ನೀರಿಗೆ ಹೋಗಿದ್ದಾಗ ವಸ್ತಾದಿ ಒಬ್ಬನೇ ಬಂದು ಮಟ್ಟಿ ಅಗೆದಿದ್ದ. ಗುದ್ದಲಿಯ ಪೆಟ್ಟಿಗೆ ಸಿಗದೆ ಮೂಲೆಗೆ ಸರಿದು ಕೂತಿದ್ದ ಕಪ್ಪೆಗೆ ಅವನು ಗೊಣಗಿಕೊಂಡದ್ದೆಲ್ಲ ಕೇಳಿಸಿತ್ತು. ಗೆಳೆಯ ಹೋದ, ಮುದುಕಿ ಹೋದಳು, ಊರೂ ಹೋಯಿತು, ಪಂದ್ಯದ ದಿನ ನನ್ನ ಕೈ ಚೆಲುವನ ಬೆನ್ನಿಗೆ, ಇವನ ಬೆನ್ನು ಬರಿದು, ಗರಡಿ ನಮ್ಮದು, ಆಮೇಲೆ ಇವನನ್ನು ಆಚೆ ಅಟ್ಟಿದರಾಯಿತು ಅಂತ ಹಾಡಿನ ಹಾಗೆ ಹೇಳಿಕೊಳ್ಳುತ್ತಾ ಅಗೆದನಂತೆ.

ದ್ಯಾವಣ್ಣನಿಗೆ ನೆಲ ಕುಸಿದ ಹಾಗಾಯಿತು. ಗರಡಿ ಬಿಟ್ಟರೆ ಅವನಿಗೆ ತಲೆ ಇಡಲು ಇನ್ನೊಂದು ಜಾಗವಿಲ್ಲ. ಅದಕ್ಕಿಂತ ಹೆಚ್ಚಾಗಿ, ಎತ್ತಿ ಸಾಕಿದ ಕೈಯೇ ಹೀಗೆ ಮಾಡಿತಲ್ಲ ಅಂತ ಎದೆ ಉರಿಯಿತು. ಪಂದ್ಯಕ್ಕೆ ಉಳಿದದ್ದು ಕೆಲವೇ ದಿನ. ಕಪ್ಪೆ ಎರಡು ಮಾತು ಹೇಳಿತು. ಮೊದಲು ತಟ್ಟಿ ಬಿಚ್ಚಿ ಹೋಗಿ ಯಾರನ್ನು ದೂಡಿದೆಯೋ ಅವರ ಮುಂದೆ ನಿಲ್ಲು ಅಂದಿತು. ಇನ್ನು ವಸ್ತಾದಿಯ ವಿಷಯ ಅಂತ ಎರಡನೆಯ ಮಾತು ಶುರು ಮಾಡಿತು.

"ನೀನು ಸುಳ್ಳು ಹೇಳೋದು ಬೇಡ, ನಿನಗದು ಬರೋದೂ ಇಲ್ಲ. ಅವನು ನಿನಗೆ ಹೇಳಿಕೊಟ್ಟಿದ್ದನ್ನ ಪಂದ್ಯದ ದಿನ ನಾಲ್ಕು ಜನರ ಮುಂದೆ ಗಟ್ಟಿಯಾಗಿ ಹೇಳು, ಸಾಕು."

ದ್ಯಾವಣ್ಣ ತಟ್ಟಿ ಬಿಚ್ಚಿ ಹೊರಗೆ ಬಂದ. ಬಿಸಿಲಿಗೆ ಕಣ್ಣು ಕೋರೈಸಿತು. ಮೊದಲು ದಾರಿಯ ಜನರ ಹತ್ತಿರ ಹೋದ. ನನ್ನ ಬೆನ್ನಿಗೆ ಯಾರಾದರೂ ಮಣ್ಣು ಹಚ್ಚುತ್ತೀರಾ ಅಂತ ಕೇಳಿದ. ನಾವು ನೋಡಿದರೇ ನಿನಗೆ ದೃಷ್ಟಿಯಾಗುತ್ತದಲ್ಲ, ಮುಟ್ಟಿದರೆ ಏನಾದೀತು ಅಂತ ಅವರು ದೂರ ಸರಿದು ಹೋದರು. ತಪ್ಪು ಅವರದಲ್ಲ.

ಆಮೇಲೆ ಹೊನ್ನಜ್ಜಿಯ ಮನೆಗೆ ಹೋದ. ಅವಳು ಚೆನ್ನಾಗಿ ಬೈದಳು. ಬೈದು ಮುಗಿಸಿ ಒಳಗೆ ಹೋಗಿ ಒಂದು ಚೊಂಬು ಮಜ್ಜಿಗೆ ತಂದಳು. ಅವನು ಗಟಗಟ ಕುಡಿದ. ಮಣ್ಣು ಹಚ್ಚೋಕೆ ಹೆಂಗಸರು ಕಣಕ್ಕೆ ಇಳಿಯೋ ಹಾಗಿಲ್ಲ ಮಗಾ, ಆ ಕುಂಬಾರನ ಹತ್ತಿರ ಹೋಗು ಅಂದಳು.

ಕೊನೆಗೆ ಕರಿಸಿದ್ದನ ಮನೆಗೆ ಹೋದ. ಅವನು ಅಂಗಳದಲ್ಲಿ ತಿಗರಿ ತಿರುಗಿಸುತ್ತಾ ಕೂತಿದ್ದ. ಕೈಯಲ್ಲಿ ಒಂದು ಕುಡಿಕೆ ಅರ್ಧ ಎದ್ದಿತ್ತು. ದ್ಯಾವಣ್ಣ ನಿಂತುಕೊಂಡೇ ಎಲ್ಲವನ್ನೂ ಹೇಳಿದ, ತಪ್ಪಾಯಿತು ಅಂದ. ಕರಿಸಿದ್ದ ತಲೆ ಎತ್ತಲಿಲ್ಲ.

"ನನ್ನ ಕೈ ತಾಗಿದ್ರೆ ನಿನ್ನ ಬಲ ಇಳೀತದಲ್ಲಪ್ಪ," ಅಂದ. ತಿಗರಿ ತಿರುಗುತ್ತಲೇ ಇತ್ತು. ಕುಡಿಕೆ ಎದ್ದು ನಿಂತಿತು, ಅದನ್ನು ದಾರದಿಂದ ಕೊಯ್ದು ಪಕ್ಕಕ್ಕಿಟ್ಟ, ಇನ್ನೊಂದು ಮುದ್ದೆ ಮಣ್ಣು ಇಟ್ಟ. ದ್ಯಾವಣ್ಣ ಇನ್ನೂ ಸ್ವಲ್ಪ ಹೊತ್ತು ನಿಂತು, ಗರಡಿಗೆ ವಾಪಸು ಬಂದ. ಅಂದು ಯಾವ ಸಾಮನ್ನೂ ಮಾಡಲಿಲ್ಲ.

ಪಂದ್ಯದ ದಿನ ಬಂತು. ಅಂದು ಮಟ್ಟಿಯ ಮಣ್ಣನ್ನು ಮಂಕರಿಗಳಲ್ಲಿ ತುಂಬಿ ಹೊರಗಿನ ಬಯಲಿಗೆ ತಂದು ಕಣ ಮಾಡುವುದು ರೂಢಿ. ಒಂದು ಮಂಕರಿಯ ಜೊತೆ ಕಪ್ಪೆಯೂ ಬಂತು, ಅದು ಬೇರೆ ಮಾತು. ಊರಿಗೆ ಊರೇ ನೆರೆದಿತ್ತು. ರಾಜ ಎತ್ತರದ ಜಗಲಿಯ ಮೇಲೆ ಕೂತ. ಅವನ ಪಕ್ಕದಲ್ಲಿ ಹಿತ್ತಾಳೆ ಕಟ್ಟಿನ ಪಟ್ಟದ ಗದೆ. ಬೇರೆ ಊರುಗಳಿಂದ ಬಂದಿದ್ದ ಪೈಲ್ವಾನರೆಲ್ಲ ಒಬ್ಬೊಬ್ಬರಾಗಿ ಸಾಮು ತೋರಿಸಿ ಕೂತರು. ಕೊನೆಗೆ ಉಳಿದವರು ಇಬ್ಬರು, ಚೆಲುವ ಮತ್ತು ದ್ಯಾವಣ್ಣ.

ವಸ್ತಾದಿ ಎರಡು ಕೈ ತುಂಬ ಮಣ್ಣು ತೆಗೆದುಕೊಂಡ. ದ್ಯಾವಣ್ಣನ ಕಡೆ ಬರಲಿಲ್ಲ, ಕಣ್ಣೆತ್ತಿಯೂ ನೋಡಲಿಲ್ಲ. ನೇರ ಚೆಲುವನ ಹಿಂದೆ ಹೋಗಿ ನಿಂತ. ಕಪ್ಪೆ ಹೇಳಿದ್ದರೂ ದ್ಯಾವಣ್ಣನಿಗೆ ಆ ಗಳಿಗೆಯ ತನಕ ಎಲ್ಲೋ ಒಂದು ಆಸೆಯಿತ್ತು. ಅದೂ ಹೋಯಿತು. ಗಟ್ಟಿಯಾಗಿ ಹೇಳಿದ.

"ಚೆಲುವಣ್ಣಾ, ಇನ್ನೊಬ್ಬರ ಕೈ ಬೆನ್ನಿಗೆ ತಾಗಿದ್ರೆ ಬಲ ಇಳಿದು ಅವರ ಕೈಗೆ ಹೋಗ್ತದೆ ಅಂತ ವಸ್ತಾದಿಗಳು ನನಗೆ ಹೇಳಿಕೊಟ್ಟವ್ರೆ."

ಚೆಲುವ ಬೆಚ್ಚಿಬಿದ್ದು ಮುಂದಕ್ಕೆ ಒಂದು ಹೆಜ್ಜೆ ಹಾರಿದ. ಮೊದಲೇ ಬಲ ಅಷ್ಟಕ್ಕಷ್ಟೆ, ಇದ್ದದ್ದೂ ಇಳಿದರೆ ಗತಿಯೇನು? ವಸ್ತಾದಿ ಹತ್ತಿರ ಹೋದರೆ ಅವನು ದೂರ ಸರಿದ. ಮಾವ ಒಂದು ಹೆಜ್ಜೆ, ಅಳಿಯ ಒಂದು ಹೆಜ್ಜೆ, ಹೀಗೆ ಕಣದ ಸುತ್ತ ಒಂದು ಪ್ರದಕ್ಷಿಣೆಯಾಯಿತು. ಜನ ನಗಲು ಶುರು ಮಾಡಿದರು.

ವಸ್ತಾದಿ ಉಪಾಯ ಹೂಡಿದ. ಹುಡುಗನಿಗೆ ಬಾಯಾರಿದೆ ಅಂದು ಹಾಲಿನ ಲೋಟ ತರಿಸಿದ. ಕಂಡವರು ಕೊಟ್ಟದ್ದನ್ನು ಕುಡಿದರೆ ಬಲ ಕರಗುತ್ತದೆ ಅಂತಲೂ ವಸ್ತಾದಿಗಳು ಹೇಳಿಕೊಟ್ಟಿದ್ದಾರೆ ಅಂದ ದ್ಯಾವಣ್ಣ. ಚೆಲುವ ಹಾಲನ್ನು ತಳ್ಳಿದ. ಲೋಟ ಉರುಳಿತು. ಜನರ ನಗು ಇನ್ನೂ ಜೋರಾಯಿತು. ಅಷ್ಟೊಂದು ಜನ ನೋಡಿದರೆ ದೃಷ್ಟಿ ತಾಗುತ್ತದೆ ಅಂತಲೂ ಹೇಳಿದ್ದರು ಅಂದ ದ್ಯಾವಣ್ಣ. ಆಗ ಚೆಲುವ ಎರಡೂ ಕೈಯಲ್ಲಿ ತನ್ನ ಹೊಳೆಯುವ ಎದೆಯನ್ನು ಮುಚ್ಚಿಕೊಂಡು, ಇವರನ್ನೆಲ್ಲ ಆ ಕಡೆ ತಿರುಗಿ ಕೂರಲು ಹೇಳಿ ಅಂತ ರಾಜನನ್ನೇ ಬೇಡಿಕೊಂಡ.

ರಾಜ ನಗಲಿಲ್ಲ. ವಸ್ತಾದಿಯನ್ನು ಮುಂದೆ ಕರೆದ.

"ವೀರಮಲ್ಲಪ್ಪ, ನಿನ್ನ ಕಾಲದಲ್ಲಿ ನಿನ್ನ ಬೆನ್ನಿಗೆ ಮಣ್ಣು ಹಚ್ಚಿದೋನು ನಾನೇ. ಈಗ ಹೇಳು. ನೀನು ಇವನಿಗೆ ಹೇಳಿಕೊಟ್ಟಿದ್ದು ನಿಜವೋ ಸುಳ್ಳೋ? ನಿಜವಾದ್ರೆ ಆವತ್ತು ನಿನ್ನ ಬಲ ನನ್ನ ಕೈಗೆ ಬಂತು, ಬಲ ಇಲ್ಲದೆ ನೀನು ಗೆದ್ದಿದ್ದು ಮೋಸ. ಸುಳ್ಳಾದ್ರೆ ಇವನಿಗೆ ಯಾಕೆ ಹೇಳಿದೆ?"

ವಸ್ತಾದಿ ಬೆವತುಹೋದ. ತಾನು ಹಾಗೆ ಹೇಳೇ ಇಲ್ಲ, ಅನಾಥ ಹುಡುಗ ಏನೋ ಕಟ್ಟಿ ಹೇಳುತ್ತಿದ್ದಾನೆ ಅಂದ. ಜನರ ನಡುವಿನಿಂದ ಹೊನ್ನಜ್ಜಿ ಕೋಲೂರಿ ಎದ್ದಳು. ಹಾಗಾದರೆ ನನ್ನ ಚೊಂಬನ್ನು ಇವನು ಯಾಕೆ ತಳ್ಳಿದ, ಅಷ್ಟು ವರ್ಷ ಕುಡಿದವನಿಗೆ ಒಂದೇ ದಿನಕ್ಕೆ ನನ್ನ ಮಜ್ಜಿಗೆ ಹುಳಿಯಾಯಿತೇ ಅಂತ ಕೇಳಿದಳು. ಬಾಗಿಲಿಗೆ ತಟ್ಟಿ ಕಟ್ಟಿದ್ದನ್ನು ಕಂಡವರು ಹತ್ತಾರು ಮಂದಿ ಎದ್ದು ನಿಂತರು. ತಟ್ಟಿ ಕಟ್ಟುವಾಗ ವಸ್ತಾದಿಯೇ ಪಕ್ಕದಲ್ಲಿ ನಿಂತು ಹಗ್ಗ ಕೊಡುತ್ತಿದ್ದ ಅಂತ ಕುರಿಯವನೊಬ್ಬ ಹೇಳಿದ. ವಸ್ತಾದಿಯ ಕೈಯಲ್ಲಿದ್ದ ಮಣ್ಣು ಬೆರಳ ಸಂದಿಯಿಂದ ಉದುರಿ ಅವನ ಕಾಲ ಮೇಲೆಯೇ ಬಿತ್ತು.

ಕಥೆ ಇಲ್ಲಿಗೆ ಮುಗಿಯಿತು ಅಂದುಕೊಂಡಿರಾ? ಎದ್ದವರು ಕೂತುಕೊಳ್ಳಿ. ಕಟ್ಟಳೆ ಇದೆಯಲ್ಲ. ರಾಜ ದ್ಯಾವಣ್ಣನ ಕಡೆ ತಿರುಗಿದ. ನಿನಗೆ ಅನ್ಯಾಯವಾಗಿದೆ, ಆದರೂ ತಾತನ ಕಾಲದ ಕಟ್ಟಳೆಯನ್ನು ನಾನು ಮುರಿಯಲಾರೆ, ನಿನ್ನ ಬೆನ್ನಿಗೆ ಯಾರು ಅಂತ ಕೇಳಿದ.

ದ್ಯಾವಣ್ಣ ಸುತ್ತಲೂ ನೋಡಿದ. ಈಗ ಎಲ್ಲರ ಮುಖದಲ್ಲೂ ಕನಿಕರವಿತ್ತು. ಆದರೆ ಇಷ್ಟು ವರ್ಷ ದೂರ ನಿಂತು ನಿಂತು ಅವರಿಗೆ ಅವನ ಹತ್ತಿರ ಬರುವುದೇ ಮರೆತುಹೋಗಿತ್ತು. ಯಾರಾದರೂ ಹೋಗಲಿ ಅಂತ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾರೂ ಎದ್ದು ಬರಲಿಲ್ಲ. ವಸ್ತಾದಿ ಸಿಕ್ಕಿಬಿದ್ದಿದ್ದ, ಆದರೂ ಅವನ ಲೆಕ್ಕ ತಪ್ಪಿರಲಿಲ್ಲ.

ದ್ಯಾವಣ್ಣ ರಾಜನಿಗೆ ಕೈಮುಗಿದ. ಯಾರೂ ಇಲ್ಲ ಬುದ್ಧಿ ಅಂದ. ಹೆಗಲ ಮೇಲಿನ ವಸ್ತ್ರವನ್ನು ಕೊಡವಿ, ಎಲ್ಲಿಗೆ ಹೋಗಬೇಕು ಅಂತ ಗೊತ್ತಿಲ್ಲದೆ, ಕಣಕ್ಕೆ ಬೆನ್ನು ಮಾಡಿ ನಿಂತ.

ಆಗ ಬೆನ್ನಿಗೆ ತಣ್ಣಗೆ ಮಣ್ಣು ತಾಗಿತು. ಒಂದು ಕೈ ಕತ್ತಿನ ಬುಡದಿಂದ ಶುರುವಾಗಿ ಕೆಳಗಿನ ತನಕ ಬಂತು, ಮತ್ತೆ ಮೇಲಕ್ಕೆ ಹೋಯಿತು. ನಾಲ್ಕು ಬೆರಳು ಒಂದೇ ಸಮ ಎಳೆದವು. ಐದನೆಯದು, ಕಿರುಬೆರಳು, ಸ್ವಲ್ಪ ಆಚೆಗೆ ಬೇರೆಯೇ ಗೆರೆ ಎಳೆಯಿತು. ದ್ಯಾವಣ್ಣ ತಿರುಗಿ ನೋಡಲಿಲ್ಲ. ನೋಡುವ ಅಗತ್ಯವೇ ಇರಲಿಲ್ಲ. ತಿರುಗಿದರೆ ಕನಸು ಒಡೆದೀತು ಅಂತ ಹೆದರಿ ಕಣ್ಣು ಮುಚ್ಚಿಕೊಂಡು ನಿಂತಿದ್ದ.

"ಬಲ ಇಳಿದ್ರೆ ಆಮೇಲೆ ನನ್ನ ಬೈಬೇಡ," ಅಂದ ಕರಿಸಿದ್ದ.

ದ್ಯಾವಣ್ಣ ಬೆನ್ನನ್ನು ಇನ್ನಷ್ಟು ಬಗ್ಗಿಸಿ ಕೊಟ್ಟ.

ಕೊನೆಗೆ ಚೆಲುವನೂ ಹಲ್ಲು ಕಚ್ಚಿಕೊಂಡು ಮಾವನ ಕೈಗೆ ಬೆನ್ನು ಕೊಟ್ಟ. ಕಲಿತದ್ದನ್ನು ಬಿಟ್ಟು ನಿನ್ನದೇ ಒಂದು ಸಾಮು ತೋರಿಸು ಅಂತ ರಾಜ ಕೇಳಿದ. ಚೆಲುವ ಲೋಡು ಎತ್ತಿ ಮಾವ ಕಲಿಸಿದ್ದನ್ನೇ ನಾಲ್ಕು ಸುತ್ತು ತಿರುಗಿಸಿದ, ಐದನೆಯದಕ್ಕೆ ಲೋಡು ಕೈ ಜಾರಿ ಮಣ್ಣಿಗೆ ಬಿತ್ತು. ಆಮೇಲೆ ದ್ಯಾವಣ್ಣ ಇಳಿದ. ಕಡೆಗೋಲು ಸುತ್ತು ತೋರಿಸಿದ, ಹೊನ್ನಜ್ಜಿ ಅದು ಏನು ಅಂತ ಕಂಡುಹಿಡಿದು ಸೆರಗಿನಿಂದ ಕಣ್ಣೊರೆಸಿಕೊಂಡಳು. ಬೀಸುಕಲ್ಲಿನ ಸುತ್ತು ತೋರಿಸಿದ, ಜನ ಉಸಿರು ಬಿಗಿಹಿಡಿದರು. ತೊಟ್ಟಿಲ ತೂಗು ತೋರಿಸಿದ, ಕಂಕುಳಲ್ಲಿ ಕೂಸಿದ್ದ ಹೆಂಗಸರು ತಮಗೇ ತಿಳಿಯದ ಹಾಗೆ ಅದರ ಜೊತೆಗೇ ತೂಗಿದರು. ಸಾಕು, ಗದೆ ನಿನ್ನದು ಅಂತ ರಾಜ ಎದ್ದು ನಿಂತ.

ಇನ್ನೊಂದು ಉಳಿದಿದೆ ಬುದ್ಧಿ, ಅದು ಒಬ್ಬನಿಂದ ಆಗುವುದಲ್ಲ ಅಂದ ದ್ಯಾವಣ್ಣ. ಗರಡಿಯೊಳಗೆ ಹೋಗಿ, ಗೋಣಿಚೀಲ ತೆಗೆದು, ಆ ಗುಂಡನ್ನು ಎತ್ತಿಕೊಂಡು ಬಂದ. ಕರಿಸಿದ್ದನ ಎದುರಿಗೆ ನಿಂತ. ತೂಗಿದ, ತೂಗಿದ, ಎಸೆದ. ಕಲ್ಲು ಗಾಳಿಯಲ್ಲಿ ಹೋಯಿತು. ಧೊಪ್ಪನೆ ಬೀಳುವ ಸದ್ದಿಗೆ ಅವನ ಕಿವಿ ಒಗ್ಗಿಹೋಗಿತ್ತು, ಈಗಲೂ ಅದನ್ನೇ ಕಾಯಿತು. ಸದ್ದು ಬರಲೇ ಇಲ್ಲ. ಸೊಟ್ಟ ಬೆರಳಿನ ಕೈ ಹಿಡಿಯನ್ನು ಹಿಡಿದಿತ್ತು. ಗುಂಡು ತಿರುಗಿ ಅವನ ಕಡೆಗೆ ಬಂತು.

ವಸ್ತಾದಿಯನ್ನು ಗಡಿಯಾಚೆ ಅಟ್ಟುತ್ತೇನೆ ಅಂದ ರಾಜ. ದ್ಯಾವಣ್ಣ ಬೇಡ ಅಂದ. ಯಾರೂ ಇಲ್ಲದೆ ಇರುವುದು ಹೇಗಿರುತ್ತದೆ ಅಂತ ತನಗೆ ಗೊತ್ತು, ಅದನ್ನು ಇನ್ನೊಬ್ಬರಿಗೆ ಕೊಡಲು ಮನಸ್ಸಿಲ್ಲ ಅಂದ. ಅದರ ಬದಲು ಗರಡಿಗೆ ಯಾರೇ ಹೊಸಬರು ಬರಲಿ, ಅವರ ಬೆನ್ನಿಗೆ ಮೊದಲ ಮಣ್ಣನ್ನು ವೀರಮಲ್ಲಪ್ಪನೇ ಹಚ್ಚಬೇಕು ಅಂತ ತೀರ್ಪಾಯಿತು. ಅವನು ಸಾಯುವ ತನಕ ಹಚ್ಚಿದ. ಬರುಬರುತ್ತಾ ಅವನಿಗೂ ಅದು ಇಷ್ಟವಾಯಿತು ಅನ್ನುವವರಿದ್ದಾರೆ, ನಾನು ಕಂಡಿಲ್ಲ.

ಗರಡಿಯ ಬಾಗಿಲಿಗೆ ಮತ್ತೆ ಯಾರೂ ತಟ್ಟಿ ಕಟ್ಟಲಿಲ್ಲ. ಒಳಗೆ ದಿನವೂ ಜನ, ಗಲಾಟೆ, ನಗು. ಆ ಗದ್ದಲದಲ್ಲಿ ಕಪ್ಪೆ ಆಮೇಲೆ ಒಂದು ಮಾತೂ ಆಡಲಿಲ್ಲ. ಸಂಜೆ ಎಲ್ಲರೂ ಮನೆಗೆ ಹೋದ ಮೇಲೆ ದ್ಯಾವಣ್ಣ ಒಬ್ಬನೇ ಮಟ್ಟಿಯ ಅಂಚಿನಲ್ಲಿ ಕೂತು, ಕಪ್ಪೆಯಣ್ಣಾ ಅಂತ ಕರೆಯುತ್ತಿದ್ದ. ಅದು ಮಣ್ಣಿನಿಂದ ಕಣ್ಣು ಮಾತ್ರ ಹೊರಗೆ ಹಾಕಿ ಅವನನ್ನು ನೋಡುತ್ತಿತ್ತು. ಹೋದ ಮೂರು ವರ್ಷಗಳು ಮಾತ್ರ ಅವನಿಗೆ ತಿರುಗಿ ಬರಲಿಲ್ಲ. ಅವನ್ನು ಕೊಡುವುದು ಯಾವ ರಾಜನ ಕೈಯಲ್ಲೂ ಇಲ್ಲ.

ಇದರ ನೀತಿ ಏನು ಅಂತೀರಾ? ಬಿಡಿಸಿಯೇ ಹೇಳುತ್ತೇನೆ. ನಿನ್ನ ಒಳ್ಳೆಯದಕ್ಕೇ ಹೇಳುತ್ತಿದ್ದೇನೆ ಅಂದು ನಿಮ್ಮವರನ್ನೆಲ್ಲ ನಿಮ್ಮಿಂದ ದೂರ ಮಾಡುವವನು ನಿಮ್ಮ ಹಿತ ಬಯಸುವವನಲ್ಲ, ಅವನ ಮಾತು ಕೇಳಬೇಡಿ. ಕೈಗೆ ಬಲ ಎಷ್ಟೇ ಇರಲಿ, ತನ್ನ ಬೆನ್ನಿಗೆ ತಾನೇ ಮಣ್ಣು ಹಚ್ಚಿಕೊಳ್ಳಲು ಯಾರಿಗೂ ಆಗುವುದಿಲ್ಲ. ಅದಕ್ಕೇ ನಿಮ್ಮನ್ನು ಹತ್ತಿರ ಬಂದು ಕೂರಿ ಅಂದದ್ದು. ಕಥೆ ಅವರೂರಲ್ಲಿ ಉಳಿಯಿತು, ನಾವು ನಮ್ಮೂರಲ್ಲಿ ಉಳಿದೆವು. ಇನ್ನು ಏಳಿ, ಏಳುವಾಗ ಪಕ್ಕದವರಿಗೊಂದು ಕೈ ಕೊಡಿ.